ಕರಿ ರಾಜನಿಗೆ ಉಳಿದ ಒಂದು ಮನೆ

ಹನ್ನೊಂದು ವರ್ಷ ಒಬ್ಬ ಮನುಷ್ಯ ನನ್ನ ಭಾನುವಾರಗಳನ್ನು ತಿಂದುಹಾಕಿದರು. ಪ್ರತಿಯಾಗಿ ಕೊಟ್ಟದ್ದು ಎರಡು ಕಪ್ ಚಹಾ, ಒಂದು ತಾಟು ಚುರುಮುರಿ, ಮತ್ತು ಚದುರಂಗದ ಒಂದೇ ಒಂದು ಸಮಸ್ಯೆ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಮಣ್ಣು ಮುಗಿಸಿ ಬಂದು, ತಲೆಗೆ ನೀರು ಹಾಕಿಕೊಂಡು ಕಟ್ಟೆಯ ಮೇಲೆ ಕೂತಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಉತ್ತರ ಹೇಳದೆ ಹೋಗಿಬಿಟ್ಟರಲ್ಲ! ಹೆಂಡತಿಯ ಮುಂದೆ ಹಾಗೆಯೇ ಅಂದುಬಿಟ್ಟೆ. 'ಮನಷ್ಯಾ ಸತ್ತಾರ, ನಿಮಗ ಆಟದ ಚಿಂತಿ' ಎಂದು ಆಕೆ ಒಳಗೆ ಹೋದಳು. ಆ ಮನುಷ್ಯರನ್ನು ನೆನೆಯುವುದೆಂದರೆ ನನಗೆ ಹಲಗೆಯ ಮೇಲಿನ ಆ ಐದು ಕಾಯಿಗಳನ್ನು ನೆನೆಯುವುದೇ ಎಂದು ಆಕೆಗೆ ಹೇಗೆ ತಿಳಿಸಲಿ?

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅಚ್ಚಾದ ಕಾಗದ ಕೈಗೆ ಬಂದರೆ ಅವರು ಓದುವ ಮೊದಲು ಅದನ್ನು ಕಿಟಕಿಗೆ ಹಿಡಿದು ತೂತು ಹುಡುಕುವವರು. ನಾವೆಲ್ಲ ಅವರಿಗೆ ಅಣ್ಣಾವ್ರು ಅನ್ನುತ್ತಿದ್ದೆವು, ಅವರ ಹೆಂಡತಿಗೆ ವೈನಿ ಅನ್ನುತ್ತಿದ್ದೆವು. ಅಷ್ಟು ಸಾಕು.

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ, ತಯಾರಾದ ಹಾಳೆಗಳನ್ನು ತಪಾಸಣೆ ಮಾಡಿ ಕಟ್ಟುವ ವಿಭಾಗದಲ್ಲಿ ಅವರು ಹಿರಿಯರು, ನಾನು ಹೊಸಬ. ಧಾರವಾಡದ ಕಡೆಯಿಂದ ಅವರಪ್ಪ ಬಂದು ಸೇರಿದ್ದ ಕೆಲಸಕ್ಕೆ ಇವರೂ ಸೇರಿದ್ದರು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ, ಒಂದು ಕಣ್ಣು ಮುಚ್ಚಿ, ಚುಕ್ಕೆ, ತೂತು, ಸುಕ್ಕು ನೋಡುವುದು ಅವರ ಕೆಲಸ. ನಾವು ಮೂರು ಹಾಳೆ ನೋಡುವಷ್ಟರಲ್ಲಿ ಅವರು ಹತ್ತು ನೋಡಿರುತ್ತಿದ್ದರು. ಅದರ ಬಗ್ಗೆ ನನ್ನ ತಕರಾರಿಲ್ಲ. ಗೋಳು ಏನೆಂದರೆ, ಪಾಳಿ ಮುಗಿದು ಕಾರ್ಖಾನೆಯ ಭೋಂಗಾ ಕೂಗಿದ ಮೇಲೂ ಆ ಮುಚ್ಚಿದ ಕಣ್ಣು ತೆರೆಯುತ್ತಿರಲಿಲ್ಲ. ಊಟದ ಡಬ್ಬಿ ಬಿಚ್ಚಿದರೆ ರೊಟ್ಟಿಯನ್ನು ಬೆಳಕಿಗೆ ಹಿಡಿಯುವರು. ಮದುವೆ ಪತ್ರಿಕೆ ಕೊಟ್ಟರೆ ಅದನ್ನೂ ಹಿಡಿಯುವರು. ಮಗಳ ತೊಟ್ಟಿಲು ಕಾರ್ಯಕ್ಕೆಂದು ನಾನು ರಜೆಯ ಅರ್ಜಿ ಬರೆದು ಕೊಟ್ಟಾಗ ಅದನ್ನೂ ಹಿಡಿದು, 'ಎಡಕ್ಕ ಮ್ಯಾಲೆ ಒಂದು ಚುಕ್ಕಿ ಐತಿ ನೋಡ್ರಿ' ಅಂದರು.

'ಅಣ್ಣಾವ್ರ, ರಜಾ ಕೊಡ್ರಿ. ಕಾಗದ ನಮ್ಮ ಕಾರ್ಖಾನಿದ ಐತಿ' ಎಂದೆ.

'ಅದಕ್ಕs ಹೇಳಿದೆ' ಅಂದರು.

ಎಲ್ಲರಿಗೂ ರೀ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನನಗೂ ರೀ. ಹೆಂಡತಿಗೂ ರೀ. ಬಾಗಿಲಿಗೆ ಬಂದ ಬೆಕ್ಕಿಗೆ 'ಹೊರಗ ನಡೀರಿ' ಅನ್ನುವರು, ಬೆಕ್ಕು ಅಲ್ಲೇ ಕಾಲು ಚಾಚಿ ಮಲಗುತ್ತಿತ್ತು. ಇಷ್ಟು ಮರ್ಯಾದೆಯ ಮನುಷ್ಯರ ಬಾಯಿಂದ ಒಂದು 'ಛಲೋ ಆತು' ಹೊರಡಿಸುವುದು ಮಾತ್ರ ಯಾರಿಂದಲೂ ಆಗಲಿಲ್ಲ. ಹೊಗಳುವಾಗಲೂ, ಬೈಯುವಾಗಲೂ, ಸಮಾಧಾನ ಮಾಡುವಾಗಲೂ ಅವರಿಗಿದ್ದದ್ದು ಒಂದೇ ಮಾತು: 'ಇನ್ನೊಮ್ಮೆ ನೋಡ್ರಿ.' ಇನ್ನು 'ತಪ್ಪಾತು' ಎನ್ನುವುದಂತೂ ಅವರ ನಾಲಗೆಗೆ ಬರುತ್ತಲೇ ಇರಲಿಲ್ಲ.

ಒಮ್ಮೆ ಹೀಗಾಯಿತು. ಬೆಳಗಿನಿಂದ ಹಾಳೆಯ ಮೇಲೆ ಹಾಳೆ ತಳ್ಳಿಹಾಕುತ್ತಾ ಕೂತಿದ್ದರು. ಎಲ್ಲದರಲ್ಲೂ ಚುಕ್ಕೆ, ಅದೂ ಒಂದೇ ಜಾಗದಲ್ಲಿ. ನಾವು ನೋಡಿದರೆ ಚುಕ್ಕೆಯಿಲ್ಲ. ವಾದಿಸಲು ಹೋದ ನಮಗೆಲ್ಲ 'ಇನ್ನೊಮ್ಮೆ ನೋಡ್ರಿ' ಆಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಕನ್ನಡಕ ತೆಗೆದು ಒರೆಸಿದರು. ಚುಕ್ಕೆ ಇದ್ದದ್ದು ಅಲ್ಲಿ. ನಾವು ನಗು ತಡೆದುಕೊಂಡು ಕಾದೆವು. ತಪ್ಪಾಯಿತು ಅನ್ನಲಿಲ್ಲ. ಭೋಂಗಾ ಆದಮೇಲೂ ಕೂತು, ತಳ್ಳಿಹಾಕಿದ ಅಷ್ಟೂ ಹಾಳೆಗಳನ್ನು ಒಬ್ಬರೇ ಮತ್ತೆ ಒಂದೊಂದಾಗಿ ನೋಡಿ, ಒಳ್ಳೆಯದರ ಸಾಲಿಗೆ ಅಂಚು ಹೊಂದಿಸಿ ಇಟ್ಟು ಮನೆಗೆ ಹೋದರು. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಮೂರು ತಾಸು ದುಡಿದರು. ಆಗ ನನಗೆ ಅದು ಬರೀ ಹಟ ಅನಿಸಿತ್ತು.

ಚದುರಂಗವೆಂದರೆ ಇಬ್ಬರು ಎದುರುಬದುರು ಕೂತು ಆಡುವ ಆಟವೆಂದು ನಾನು ತಿಳಿದಿದ್ದೆ. ಅಣ್ಣಾವ್ರು ಯಾರೊಂದಿಗೂ ಆಡುತ್ತಿರಲಿಲ್ಲ. 'ಪೂರಾ ಆಟ ಅಂದ್ರ ಸಂತಿ ಗದ್ದಲರೀ. ಎಲ್ಲಾ ಹೋಗಿ ಕಡೀಕ ನಾಕೈದು ಕಾಯಿ ಉಳೀತಾವಲ್ಲ, ಖರೇ ಆಟ ಅಲ್ಲಿಂದ' ಅನ್ನುವರು. ಅವರ ಹುಚ್ಚು, ಆಟದ ಆ ಕೊನೆಯ ಘಟ್ಟವನ್ನು ಯಾರೋ ಕೂತು ಯೋಚಿಸಿ ಕಟ್ಟಿದ ಸಮಸ್ಯೆಗಳು. ಹಲಗೆಯ ಮೇಲೆ ಕೆಲವೇ ಕಾಯಿ ಇಟ್ಟಿರುತ್ತಾರೆ. ಬಿಳಿ ಆಡಬೇಕು, ಬಿಳಿ ಗೆಲ್ಲಬೇಕು. ನೋಡಿದರೆ ಗೆಲ್ಲುವ ದಾರಿಯೇ ಇಲ್ಲ ಅನಿಸುತ್ತದೆ. ದಾರಿ ಇರುತ್ತದೆ, ಆದರೆ ಒಂದೇ ಇರುತ್ತದೆ. ಒಂದೇ ಇರಬೇಕು ಎನ್ನುವುದೇ ಅದರ ಕಾಯಿದೆ. ಎರಡನೆಯ ದಾರಿ ಸಿಕ್ಕಿತೋ, ಕಟ್ಟಿದವರ ಶ್ರಮವೆಲ್ಲ ರದ್ದಿಗೆ.

ಶಾಲೆಯಲ್ಲಿದ್ದಾಗ ಒಂದು ಸ್ಟೀಲ್ ಲೋಟ ಬಹುಮಾನ ಗೆದ್ದವನು ನಾನು. ಊಟದ ಬಿಡುವಿನಲ್ಲಿ ಅವರು ದಪ್ಪ ರಟ್ಟಿನ ಮೇಲೆ ಗೆರೆ ಎಳೆದ ಪಟ ಬಿಡಿಸಿ, ಸಾಗವಾನಿಯ ಸಣ್ಣ ಕಾಯಿಗಳನ್ನು ಇಟ್ಟುಕೊಂಡು ಕೂತದ್ದು ಕಂಡು, ಧಿಮಾಕಿನಿಂದ ಹೋಗಿ ಒಂದು ನಡೆ ನಡೆಸಿದೆ. 'ಇನ್ನೊಮ್ಮೆ ನೋಡ್ರಿ' ಅಂದರು. ಇನ್ನೊಂದು ನಡೆಸಿದೆ. ಮತ್ತೆ ಅದೇ ಮಾತು. ಭೋಂಗಾ ಆಯಿತು, ಡಬ್ಬಿಯಲ್ಲಿ ಅನ್ನ ಹಾಗೆಯೇ ಉಳಿಯಿತು. ನನ್ನ ಭಾನುವಾರಗಳಿಗೆ ಶನಿ ಹಿಡಿದದ್ದು ಅವತ್ತಿನಿಂದ.

ಆಮೇಲೆ ಗೊತ್ತಾಯಿತು, ಬೇರೆಯವರ ಸಮಸ್ಯೆಗಳೆಲ್ಲ ಬರೀ ನೆಪ. ಅವರೇ ಒಂದು ಕಟ್ಟುತ್ತಿದ್ದರು. ಒಂಬತ್ತು ಕಾಯಿಗಳಿಂದ ಶುರುವಾಗಿ, ಹೊಡೆದಾಡಿ ಸತ್ತು, ಕೊನೆಗೆ ಐದು ಉಳಿಯುವ ಸಮಸ್ಯೆ. ನನಗೆ ಕೊಟ್ಟ ಕೆಲಸ ಅದನ್ನು ಬಿಡಿಸುವುದಲ್ಲ, ಕೆಡವುವುದು. 'ಎಲ್ಲರೆ ಇನ್ನೊಂದು ದಾರಿ ಐತೇನು ನೋಡ್ರಿ. ತೂತು ಇದ್ರ ಈಗs ತಿಳೀಲಿ' ಅನ್ನುವರು. ಐದು ಭಾನುವಾರ ಕೂತು ನಾನು ಒಂದು ತೂತು ಹುಡುಕಿದೆ. ಖುಷಿಯಿಂದ ಓಡಿಹೋಗಿ ತೋರಿಸಿದೆ. ಒಂದು ಕಣ್ಣು ಮುಚ್ಚಿ ಒಂದು ತಾಸು ನೋಡಿದರು. ಶಭಾಷ್ ಬೇಡ, 'ಹೌದು' ಅಂತಾದರೂ ಅನ್ನಬೇಕಲ್ಲ! ಬದಿಯಲ್ಲಿದ್ದ ಒಂದು ಕಾಲಾಳನ್ನು, ನಮ್ಮ ಕಡೆ ಪ್ಯಾದೆ ಅನ್ನುತ್ತೇವೆ, ಒಂದು ಮನೆ ಹಿಂದಕ್ಕೆ ಇಟ್ಟು 'ಈಗ ನೋಡ್ರಿ' ಅಂದರು. ತೂತು ಮುಚ್ಚಿತ್ತು. ಇನ್ನೊಂದು ಕಡೆ ತೆರೆದಿತ್ತು. ಹೀಗೆ ವರ್ಷಗಟ್ಟಲೆ.

ಚಿಗಳ್ಳಿಯಲ್ಲಿ ನಮ್ಮ ವಿಭಾಗದವನೊಬ್ಬನ ಮದುವೆಗೆ ಹೋಗಿದ್ದೆವು. ಪಂಕ್ತಿಯಲ್ಲಿ ನನ್ನ ಪಕ್ಕ ಅವರು. ನಾನು ಬುಂದೆಗೆ ಕೈ ಹಾಕುವಷ್ಟರಲ್ಲಿ ನನ್ನ ಎಲೆಯನ್ನು ತಮ್ಮ ಕಡೆ ಎಳೆದುಕೊಂಡು ಕಾಯಿ ಜೋಡಿಸಲು ಶುರುಮಾಡಿದರು. ಉಪ್ಪು ಬಿಳಿ ರಾಜ, ಉಪ್ಪಿನಕಾಯಿಯ ಹೋಳು ಕರಿ ರಾಜ, ಹಪ್ಪಳದ ಚೂರು ಆನೆ, ಬುಂದೆ ಕಾಳು ಪ್ಯಾದೆ. ಬಡಿಸುವವನು ಬಂದು ಅನ್ನ ಹಾಕಿ ಮೇಲೆ ಸಾರು ಸುರಿದ. 'ಏನ್ ಮಾಡಿದ್ರಿ ಇದು? ಬಿಳೀ ರಾಜ ಕರಗಿ ಹೋದ!' ಎಂದು ಅವರು ಚೀರಿದ್ದಕ್ಕೆ ಇಡೀ ಪಂಕ್ತಿ ತಿರುಗಿ ನೋಡಿತು. ಮದುಮಗನ ಕಡೆಯವರು ಇವತ್ತಿಗೂ ನನ್ನನ್ನು ಕಂಡರೆ ಅದನ್ನೇ ಕೇಳುತ್ತಾರೆ.

ಈ ಗೋಳಿನಲ್ಲಿ ವೈನಿ ನನ್ನ ಪಕ್ಷ ಎಂದು ತಿಳಿದಿದ್ದೆ. ಹಳಿಯಾಳದ ಹತ್ತಿರ ತೇರಗಾಂವ ಅವರ ತವರು. ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದರು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಆದರೆ ಅವರದೊಂದು ವಿಚಿತ್ರ ನೋಡಿದ್ದೆ. ನಮಗೆ ಚಹಾ ತರುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಬರುವರು. ಕಪ್ಪನ್ನು ಅಂದಾಜಿನ ಮೇಲೆ ಇಡುವರು. ಒಮ್ಮೆ ಬಿಸಿ ಚಹಾದ ಕಪ್ಪನ್ನು ನೇರವಾಗಿ ಕುದುರೆಯ ತಲೆಯ ಮೇಲೆ ಇಟ್ಟಿದ್ದರು. ಅಣ್ಣಾವ್ರು ಕಪ್ ಎತ್ತಿ ಪಕ್ಕಕ್ಕಿಟ್ಟು, ಕುದುರೆಯನ್ನು ಧೋತರದ ಚುಂಗಿನಿಂದ ಒರೆಸಿದರು.

ಇದರ ಕಾರಣ ತಿಳಿದದ್ದು ಉಳವಿಯಲ್ಲಿ. ಎರಡೂ ಮನೆಯವರು ಕೂಡಿ ಜೋಯಿಡಾ ಮೇಲಿಂದ ಬಸ್ಸಿನಲ್ಲಿ ಹೋಗಿದ್ದೆವು. ದರ್ಶನದ ಸಾಲಿನಲ್ಲಿ ನಾವು ನಿಂತಿದ್ದರೆ ಅಣ್ಣಾವ್ರು ಹೊರಗೆ ಮರದ ಕೆಳಗೆ, ಕಿಸೆಯಲ್ಲಿ ಇಟ್ಟುಕೊಳ್ಳುವ, ಕಾಯಿ ಚುಚ್ಚಿ ನಿಲ್ಲಿಸುವ ತೂತಿನ ಹಲಗೆ ಬಿಚ್ಚಿಕೊಂಡು ಕೂತಿದ್ದರು. 'ಶರಣರ ಮುಂದ ಬಂದ್ರೂ ಇವರಿಗೆ ಅದs' ಎಂದ ವೈನಿ, ಸಾಲು ಮುಂದೆ ಹೋಗುವಷ್ಟರಲ್ಲಿ ಎಲ್ಲ ಹೇಳಿದರು.

'ನಮ್ಮಪ್ಪ ನನಗ ಈ ಆಟ ಕಲಿಸಿದ್ದಾ, ತಮ್ಮಾ. ಹಳೇ ಪದ್ಧತಿ. ಪ್ಯಾದಿ ಒಂದೊಂದs ಮನಿ ಹೋಗಬೇಕು, ರಾಜಗ ಒಮ್ಮೆ ಕುದುರಿ ಹಂಗ ಜಿಗ್ಯಾಕ ಬರತೈತಿ. ಮದುವ್ಯಾದ ವರ್ಷ ಇವರ ಸಂಗಾಟ ಆಡಿದೆ. ಆಗ ಇವರು ಹೊಸದಾಗಿ ಒಂದು ಪುಸ್ತಕ ತಂದಿದ್ರು. ನಾ ಗೆದ್ದೆ. ಇವರು ಒಪ್ಪಲಿಲ್ಲ. ಅದು ಹಳ್ಳಿ ಆಟ, ಪುಸ್ತಕದಾಗ ಹಂಗಿಲ್ಲ ಅಂದ್ರು. ಅವತ್ತs ಅಂದೇನಿ, ನೀವು ನಿಮ್ಮ ಬಾಯಿಂದ ಸೋತೆ ಅನ್ನೂತನಕ ಆ ಹಲಗಿ ಕಡೆ ಕಣ್ಣ ಹೊರಳಿಸಂಗಿಲ್ಲ ಅಂತ.'

'ಎಷ್ಟು ವರ್ಷ ಆತ್ರಿ ವೈನಿ?'

'ಮೂವತ್ತರ ಮ್ಯಾಲೆ ಆಗಿರಬೇಕು. ಇವರು ಅನ್ನವಲ್ರು, ನಾ ನೋಡವಲ್ಲೆ.'

ನಾನು ನಕ್ಕೆ. ಹೇಗೆ ಗೆದ್ದಿರಿ ಎಂದು ಕೇಳಲಿಲ್ಲ. ನಾನೂ ಪುಸ್ತಕದ ಆಟದವನೇ ತಾನೆ. ಹಳೇ ಪದ್ಧತಿಯಲ್ಲಿ ಏನೋ ಗೊಂದಲವಾಗಿರಬೇಕು, ಹೋಗಲಿ ಅಂದುಕೊಂಡೆ. ಅವರ ಕೈಯ ಚಹಾ ಅಷ್ಟು ವರ್ಷ ಕುಡಿದೆ, ಆ ಒಂದು ಪ್ರಶ್ನೆ ಕೇಳುವ ಸೌಜನ್ಯ ನನಗೆ ಬರಲಿಲ್ಲ.

ಅಣ್ಣಾವ್ರು ನಿವೃತ್ತರಾಗಿ ಹಳೆ ದಾಂಡೇಲಿಯ ಮನೆಗೆ ಹೋದ ಮೇಲೆ ಹಲಗೆಗೆ ಒಂದು ಕಾಯಂ ಜಾಗ ಸಿಕ್ಕಿತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದಿಂದ ಎರಡು ಮಾರು ದೂರದಲ್ಲಿ ಒಂದು ಸ್ಟೂಲು, ಅದರ ಮೇಲೆ ಹಲಗೆ. ಬಿಳಿಯ ಕಡೆ ಯಂತ್ರಕ್ಕೆ ಮುಖ ಮಾಡಿತ್ತು. ಬೇರೆಯವರ ಸಮಸ್ಯೆಗಳನ್ನು ನೋಡುವಾಗ ಯಾವಾಗಲೂ ಬಿಳಿಯ ಕಡೆ ಕೂರುತ್ತಿದ್ದ ಮನುಷ್ಯರು, ತಮ್ಮ ಸಮಸ್ಯೆಗೆ ಮಾತ್ರ ಕರಿಯ ಕಡೆ ಕೂರುವರು. 'ಸೋಲೂ ಕಡೆ ಯಾಕ ಕುಂದರತೀರಿ?' ಎಂದು ಕೇಳಿದರೆ 'ಬೆಳಕು' ಅಂದರು. ಕಿಟಕಿ ಇದ್ದದ್ದು ಆಚೆ ಕಡೆ. ವಾದಿಸಿ ಏನು ಬಂತು!

ಮೊದಲಿನ ಹತ್ತೆಂಟು ನಡೆಗಳನ್ನು ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ, ನನ್ನದು ಹೋದದ್ದು ಸಾಕು. ಕೊನೆಯ ಐದು ಕಾಯಿಗಳನ್ನಷ್ಟೇ ಹೇಳುತ್ತೇನೆ. ನೀವು ಬಿಳಿಯ ಕಡೆ ಕೂತಿದ್ದೀರಿ ಅನ್ನಿ. ಕರಿ ರಾಜ ನಿಮ್ಮ ಬಲಗೈ ಮೂಲೆಗೆ ಒಂದೇ ಮನೆ ಮೇಲೆ ಸಿಕ್ಕಿಬಿದ್ದಿದ್ದಾನೆ. ಅವನ ತಲೆಯ ಮೇಲೆ ಅವನದೇ ಪ್ಯಾದೆ. ಅದೇ ಸಾಲಿನಲ್ಲಿ ಒಂದು ಮನೆ ಬಿಟ್ಟು ನಿಮ್ಮ ರಾಜ. ದೂರದ ಎಡ ಮೂಲೆಯಲ್ಲಿ ಕರಿಯ ಆನೆ, ಅದಕ್ಕೆ ಓರೆಯಾಗಿ ನಿಮ್ಮ ಪ್ಯಾದೆ. ಪ್ಯಾದೆ ಆ ಆನೆಯನ್ನು ತಿಂದು ಕೊನೆಯ ಮನೆ ಮುಟ್ಟುತ್ತದೆ. ಮುಟ್ಟಿದ ಪ್ಯಾದೆಯನ್ನು ಎಲ್ಲರೂ ಮಂತ್ರಿ ಮಾಡುತ್ತಾರೆ, ಮಂತ್ರಿಗಿಂತ ಬಲವಾದ ಕಾಯಿ ಇಲ್ಲವಲ್ಲ. ಅಲ್ಲೇ ಕೆಟ್ಟಿತು. ಮಂತ್ರಿ ಓರೆಯಾಗಿಯೂ ನೋಡುತ್ತಾನೆ, ಹಲಗೆಯ ಆ ಮೂಲೆಯಿಂದ ಈ ಮೂಲೆಯವರೆಗೆ. ಕರಿ ರಾಜನಿಗೆ ಉಳಿದಿದ್ದ ಒಂದೇ ಒಂದು ಮನೆಯೂ ಮುಚ್ಚಿಹೋಗುತ್ತದೆ. ಶಹ, ಅಂದರೆ ಚೆಕ್, ಇಲ್ಲ, ನಡೆಯಲು ಮನೆಯೂ ಇಲ್ಲ. ಆಟ ಡ್ರಾ. ಮಂತ್ರಿ ಬೇಡವೆಂದು ಆನೆ ಮಾಡಿಕೊಂಡರೆ? ಆನೆ ನೇರಕ್ಕೆ ಮಾತ್ರ ನೋಡುತ್ತದೆ, ಆ ಮೂಲೆಯ ಮನೆ ತೆರೆದೇ ಇರುತ್ತದೆ. ರಾಜ ಅಲ್ಲಿಗೆ ಹೋಗಲೇಬೇಕು. ಬಿಳಿ ರಾಜ ಒಂದು ಹೆಜ್ಜೆ ಹತ್ತಿರ ಬರುತ್ತಾನೆ. ಮರು ನಡೆಗೆ ಆನೆ ಮೇಲಿನಿಂದ ಕೆಳಗೆ ಸರ್ರನೆ ಇಳಿದು ಬಂದರೆ ಆಟ ಮುಗಿಯಿತು.

ಇದನ್ನು ನಾನೇ ಕಂಡುಹಿಡಿದೆ ಅನ್ನಲಾರೆ. ಅಷ್ಟು ವರ್ಷ ತೂತು ಹುಡುಕಿ ಹುಡುಕಿ, ಇನ್ನು ತೂತೇ ಇಲ್ಲ ಎನ್ನುವ ಹೊತ್ತಿಗೆ ನನಗೆ ಬೇಸರ ಬಂದಿತ್ತು. ಮಗಳು ಮೊಬೈಲಿನಲ್ಲಿ ಚದುರಂಗದ ಆ್ಯಪ್ ಹಾಕಿಕೊಟ್ಟಳು. ಒಂಬತ್ತೂ ಕಾಯಿ ಇಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಎಲ್ಲ ನಡೆ ಹೇಳಿತು, ಕೊನೆಗೆ ಆನೆ. ಬೇರೆ ದಾರಿಯಿಲ್ಲ ಎಂದೂ ಹೇಳಿತು. ಅಣ್ಣಾವ್ರ ಮುಂದೆ ಮೊಬೈಲ್ ಹಿಡಿದೆ. 'ನೋಡ್ರಿ, ನಿಮ್ಮದು ಬರೋಬರಿ ಐತಿ. ತೂತಿಲ್ಲ. ಕಡೀಕ ಆನಿ ಮಾಡಬೇಕು. ಮುಗೀತಲ್ಲ?'

ಅವರು ಮೊಬೈಲನ್ನೂ ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟರು. 'ಹೆಂಗ ಅನ್ನೂದಾತು. ಯಾಕ?'

'ಯಾಕ ಅಂದ್ರ? ಮಂತ್ರಿ ಮಾಡಿದ್ರ ಡ್ರಾ ಆಗತೈತಿ, ಅದಕ್ಕ.'

'ಅದೂ ಹೆಂಗನs ಆತಲ್ರಿ. ನಾ ಇದನ್ನ ಯಾಕ ಕಟ್ಟಿದೆ?'

'ನಿಮಗ ಬ್ಯಾರೆ ಕೆಲಸ ಇಲ್ಲ, ಅದಕ್ಕ!' ನನ್ನ ಧ್ವನಿ ಏರಿತ್ತು. ಯಂತ್ರದ ಹಿಂದಿನಿಂದ ವೈನಿ ಕಿಸಕ್ಕನೆ ನಕ್ಕರು. ಅಣ್ಣಾವ್ರು ಸಿಟ್ಟಾಗಲಿಲ್ಲ. 'ಇನ್ನೊಮ್ಮೆ ನೋಡ್ರಿ' ಅಂದರು.

ಅವತ್ತಿನಿಂದ ಮೊದಲಿನ ನಡೆಗಳನ್ನೆಲ್ಲ ಬಿಟ್ಟು ಬರೀ ಆ ಐದು ಕಾಯಿಗಳನ್ನೇ ಹಲಗೆಯ ಮೇಲೆ ಇಟ್ಟುಬಿಟ್ಟರು. ದಿನ ಬೆಳಗಾದರೆ ಧೂಳು ಒರೆಸುವರು, ಮತ್ತೆ ಅದೇ ಮನೆಗಳಲ್ಲಿ ಇಡುವರು. ಯಾವುದಾದರೂ ಪತ್ರಿಕೆಗಾದರೂ ಕಳಿಸಿ ಎಂದು ನಾನು ಗಂಟುಬಿದ್ದೆ. 'ನೋಡಬೇಕಾದವ್ರು ಇನ್ನೂ ನೋಡಿಲ್ಲ' ಅಂದರು. ಯಾರೋ ದೊಡ್ಡ ಆಟಗಾರನಿಗೆ ಕಾಯುತ್ತಿದ್ದಾರೆ, ಈ ದಾಂಡೇಲಿಗೆ ಅವನೆಲ್ಲಿ ಬರುತ್ತಾನೆ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ಪ್ರತಿ ಭಾನುವಾರ ಹೋಗುವುದು, 'ಯಾಕ ಅಂತ ಹೇಳ್ರಿ' ಅನ್ನುವುದು, 'ಇನ್ನೊಮ್ಮೆ ನೋಡ್ರಿ' ಅನ್ನಿಸಿಕೊಂಡು ಬರುವುದು. ಬಿಟ್ಟುಬಿಡಬಹುದಿತ್ತು. ಬಿಡಲಾಗಲಿಲ್ಲ, ಯಾಕೆಂದರೆ ಆ ಪ್ರಶ್ನೆ ಕೇಳುವಾಗ ಅವರ ಮುಖದಲ್ಲಿ ಹಟವಿರುತ್ತಿರಲಿಲ್ಲ. ನಾನು ಹೇಳಲಿ ಎಂದು ನಿಜವಾಗಿಯೂ ಕಾಯುತ್ತಿದ್ದರು.

ಕೊನೆಯ ತಿಂಗಳು ಉಸಿರಾಟದ ತೊಂದರೆಯಿಂದ ಹಾಸಿಗೆ ಹಿಡಿದರು. ಹಾಸಿಗೆಯನ್ನು ಮುಂದಿನ ಕೋಣೆಯಲ್ಲೇ ಹಾಕಿಸಿಕೊಂಡಿದ್ದರು. ನಾನು ಹತ್ತಿರ ಕೂತು, 'ಅಣ್ಣಾವ್ರ, ಇನ್ನರೆ ಹೇಳ್ರಿ' ಎಂದೆ. ನಾಚಿಕೆಗೆಟ್ಟವನು ನಾನು, ಆದರೂ ಕೇಳಿದೆ. ಅವರು ನನ್ನನ್ನು ನೋಡಿದರು, ಹಲಗೆಯನ್ನು ನೋಡಿದರು, ಆಮೇಲೆ ಹೊಲಿಗೆ ಯಂತ್ರದ ಕಡೆ ಮುಖ ಹೊರಳಿಸಿ ಸುಮ್ಮನೆ ಅಲ್ಲೇ ನೋಡುತ್ತಾ ಉಳಿದರು. ಸಪ್ಪಳದಿಂದ ತೊಂದರೆಯಾಗುತ್ತಿದೆ ಎಂದು ತಿಳಿದು ನಾನು ವೈನಿಗೆ ಯಂತ್ರ ನಿಲ್ಲಿಸಲು ಹೇಳಿದೆ. ಎಂಥ ಬುದ್ಧಿವಂತ!

ಅವರು ಹೋಗಿ ತಿಂಗಳ ಮೇಲೆ ಒಂದು ಭಾನುವಾರ, ರೂಢಿಯಂತೆ ಕಾಲು ಅತ್ತಲೇ ನಡೆಯಿತು. ವೈನಿ ಯಂತ್ರದ ಮುಂದೆ ಕೂತು ಯಾರದೋ ಲಂಗದ ಅಂಚು ಹೊಲಿಯುತ್ತಿದ್ದರು. ಹಲಗೆ ಅಲ್ಲೇ ಇತ್ತು, ಐದು ಕಾಯಿ ಅಲ್ಲೇ ಇದ್ದವು, ಎಲ್ಲದರ ಮೇಲೆ ಧೂಳು.

'ಅದನ್ನ ಒಯ್ದುಬಿಡು ತಮ್ಮಾ' ಅಂದರು ವೈನಿ, ಗೋಡೆಯ ಕಡೆ ನೋಡುತ್ತಾ. 'ಧೂಳ ಝಾಡಸಬೇಕಂದ್ರ ಅದರ ಕಡೆ ನೋಡಬೇಕಲಾ.'

'ಇನ್ನೂ ಆ ಆಣಿ ಏನ್ ವೈನಿ? ಅಣ್ಣಾವ್ರs ಹೋದ್ರು.'

'ಹೋದ್ರು. ಹೋಗೂಮುಂದರೆ ಒಂದು ಮಾತು ಅಂದು ಹೋಗಬಾರದಿತ್ತೇನು? ಮೂರು ದಿನ ಮಗ್ಗಲದಾಗ ಕುಂತು ಕಾದೇನಿ ತಮ್ಮಾ. ನನ್ನ ಮಾರಿ ನೋಡ್ತಿದ್ರು, ಬಾಯಿ ಬಿಡಲಿಲ್ಲ.' ಯಂತ್ರದ ಗಾಲಿ ಜೋರಾಗಿ ತಿರುಗಿತು.

ನನಗೂ ತಲೆ ಕೆಟ್ಟಿತು. ಇವರ ಹಟ, ಅವರ ಹಟ, ನಡುವೆ ನನ್ನ ಹನ್ನೊಂದು ವರ್ಷ. 'ಅಷ್ಟಕ್ಕೂ ಹೆಂಗ ಗೆದ್ರಿ ವೈನಿ ನೀವು? ಅದನ್ನರೆ ಹೇಳ್ರಿ' ಎಂದು ಸ್ವಲ್ಪ ಒರಟಾಗಿಯೇ ಕೇಳಿದೆ.

ವೈನಿ ಗಾಲಿ ನಿಲ್ಲಿಸಿದರು. ಇಷ್ಟು ವರ್ಷಕ್ಕೆ ಯಾರೋ ಕೇಳಿದರಲ್ಲ ಎಂಬಂತೆ ನನ್ನನ್ನು ನೋಡಿದರು. ಒಂದು ತುಂಡು ಬಟ್ಟೆಯನ್ನು ಯಂತ್ರದ ಮೇಜಿನ ಮೇಲೆ ಹಾಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದರು. ಗುಂಡಿಗಳ ಡಬ್ಬಿ ತೆಗೆದು ಬಿಳಿ ಗುಂಡಿ, ಕರಿ ಗುಂಡಿ ಆರಿಸಿದರು.

'ಬಿಳೀವು ನನ್ನವು. ಇವರ ರಾಜ ಇಲ್ಲಿ, ನನ್ನ ಬಲಗೈ ಕಡೆ. ಅವನ ತಲಿ ಮ್ಯಾಲೆ ಇವರದs ಪ್ಯಾದಿ. ನನ್ನ ರಾಜ ಇಲ್ಲಿ, ನಡುವ ಒಂದು ಮನಿ. ಅಲ್ಲಿ ಎಡಕ್ಕ ದೂರ ಮೂಲ್ಯಾಗ ಇವರ ಆನಿ. ನನ್ನ ಪ್ಯಾದಿ ಅದಕ್ಕ ಓರೆ ನಿಂತಿತ್ತು. ಆನಿ ತಿಂದೆ.'

ನಾನು ಗುಂಡಿಗಳ ಹತ್ತಿರ ಬಗ್ಗಿದೆ. 'ತಿಂದು ಏನಾತು ವೈನಿ?'

'ಏನಾಗೂದು? ಆನಿ ಮನ್ಯಾಗ ಹೋದ್ರ ಆನಿನs ಆಗತೈತಿ. ಕುದುರಿ ಮನಿಗೆ ಹೋದ್ರ ಕುದುರಿ. ನಮ್ಮಪ್ಪ ಹಂಗs ಕಲಿಸಿದ್ದಾ. ಇವರು ಕೂಗಾಡಿದ್ರು. ಪುಸ್ತಕದಾಗ ಮಂತ್ರಿನs ಆಗಬೇಕು ಅಂತ ಐತಿ ಅಂದ್ರು. ಮಂತ್ರಿ ಆದ್ರ ತಮ್ಮ ಕರೀ ರಾಜಗ ನಡ್ಯಾಕ ಮನಿ ಇಲ್ಲ, ಆಟ ಸಮಾ ಸಮಾ ಅಂದು ಕಾಯಿ ಎಲ್ಲಾ ಬಳದು ಡಬ್ಬ್ಯಾಗ ಹಾಕಿದ್ರು.'

ಪುಸ್ತಕದಲ್ಲಿ ಹಾಗಿಲ್ಲ. ಮಂತ್ರಿಯೇ ಆಗಬೇಕು ಎಂದು ಯಾವ ಪುಸ್ತಕದಲ್ಲೂ ಇಲ್ಲ. ಆಡುವವರು ತಮಗೆ ಬೇಕಾದ ಕಾಯಿ ಮಾಡಿಕೊಳ್ಳಬಹುದು. ಅರ್ಧ ಓದಿದ ಹೊಸ ಹುಮ್ಮಸ್ಸಿನಲ್ಲಿ ಅವರು ಹಾಗೆ ಅಂದಿರಬೇಕು, ಉಳಿದ ಪುಟ ತಿರುವಿದಾಗ ತಿಳಿದಿರಬೇಕು. ತೇರಗಾಂವದ ಪದ್ಧತಿಯಿಂದಲೂ ಆನೆ, ಪುಸ್ತಕದಿಂದಲೂ ಆನೆ. ಹೆಂಡತಿ ಎರಡೂ ಕಡೆಯಿಂದ ಗೆದ್ದಿದ್ದರು. ಆಮೇಲೆ ಆ ಮನುಷ್ಯರು ಮಾಡಿದ್ದೇನು? ತಳ್ಳಿಹಾಕಿದ ಹಾಳೆಗಳನ್ನು ಒಂದೊಂದಾಗಿ ಮತ್ತೆ ನೋಡಿದಂತೆ, ಆ ಆಟವನ್ನು ಹಿಂದಕ್ಕೆ ಹಿಂದಕ್ಕೆ ಒಯ್ದು, ಅಕ್ಕಪಕ್ಕದ ಒಂದೊಂದೇ ತೂತು ಮುಚ್ಚಿ, ವೈನಿಯ ನಡೆ ಬಿಟ್ಟರೆ ಗೆಲ್ಲಲು ಬೇರೆ ದಾರಿಯೇ ಇಲ್ಲ ಎಂದು ಕಟ್ಟುತ್ತಾ ಕೂತರು. ತೂತು ಹುಡುಕಲು ನನ್ನನ್ನು ಹಿಡಿದರು.

'ವೈನಿ, ಅಣ್ಣಾವ್ರು ಒಪ್ಪ್ಯಾರ.'

'ಏನಂತ?'

'ಸೋತೇನಿ ಅಂತ. ಹೊರಳಿ ನೋಡ್ರಿ.'

'ನನ್ನ ಮುಂದ ಯಾವಾಗ ಅಂದ್ರು?'

'ನಾ ಕಂಡಂಗ ಹನ್ನೊಂದು ವರ್ಷದಿಂದ ಅಂತಾನs ಅದಾರ. ಆಣಿ ತೀರೇತಿ. ಹೊರಳ್ರಿ.'

ವೈನಿ ಹೊಲಿಯುತ್ತಿದ್ದ ಲಂಗವನ್ನು ಕೈಗೆತ್ತಿಕೊಂಡರು. ಆಮೇಲೆ ನಿಧಾನಕ್ಕೆ ಕತ್ತು ಹೊರಳಿಸಿದರು. ಹಲಗೆ ನೋಡಿದರು, ಬಟ್ಟೆ ನೋಡಿದರು, ಮತ್ತೆ ಹಲಗೆ ನೋಡಿದರು. ಎದ್ದು ಹತ್ತಿರ ಹೋದರು.

'ಇದು ಇಲ್ಲೇ ಇತ್ತೇನು?'

'ಇಲ್ಲೇ ಇತ್ರಿ. ನಿಮ್ಮ ಕಡೆನs ಮಾರಿ ಮಾಡಿ ಇಟ್ಟಿದ್ರು.'

'ಎಂಥಾ ಮನಷ್ಯಾರೋ ಇವರು!' ವೈನಿಯ ಧ್ವನಿ ಒಡೆಯಿತು. ಸಿಟ್ಟೋ ಅಳುವೋ, ಎರಡೂ ಇತ್ತು. 'ಸೋತೆ ಅಂತ ಒಂದು ಮಾತು ಅಂದಿದ್ರ ನಾಲಗಿ ಸವೀತಿತ್ತೇನು? ಇಷ್ಟೆಲ್ಲಾ ಕಟಗೊಂತ ಕುಂದರೂದು ಬೇಕಿತ್ತೇನು? ಹುಚ್ಚ! ಹುಚ್ಚ ಮನಷ್ಯಾ!'

ಅಷ್ಟು ವರ್ಷದಲ್ಲಿ ಗಂಡನನ್ನು ಅವರು ಬಹುವಚನ ಬಿಟ್ಟು ಅಂದದ್ದನ್ನು ನಾನು ಅದೇ ಮೊದಲು ಕೇಳಿದೆ. ನೀವೊಮ್ಮೆ ಹೊರಳಿ ನೋಡಿದ್ದರೂ ಸಾಕಿತ್ತಲ್ಲ ವೈನಿ ಎಂಬ ಮಾತು ನನ್ನ ಬಾಯಿಗೂ ಬಂದಿತ್ತು. ನುಂಗಿಕೊಂಡೆ. ಕಣ್ಣು ಒರೆಸಿಕೊಳ್ಳಲು ಅವರು ಸೆರಗು ಹುಡುಕಲಿಲ್ಲ, ಕೈಯಲ್ಲಿದ್ದ ಲಂಗದ ಅಂಚಿನಿಂದಲೇ ಒರೆಸಿಕೊಂಡರು.

ಆಮೇಲೆ ಬಿಳಿಯ ಕಡೆ ಸಣ್ಣ ಮಣೆ ಎಳೆದುಕೊಂಡು ಕೂತು, ಕಾಯಿಗಳ ಮೇಲಿನ ಧೂಳನ್ನು ಉಫ್ ಎಂದು ಊದಿದರು. ನಾನು ಎದುರಿಗಿದ್ದ ಅಣ್ಣಾವ್ರ ಖುರ್ಚಿಯ ಕಡೆ ಹೋದೆ.

'ಅಲ್ಲಿ ಬ್ಯಾಡ ತಮ್ಮಾ' ಅಂದರು.

ನಾನು ಗೋಡೆಗೆ ಒರಗಿ ನಿಂತೆ. ವೈನಿ ಪ್ಯಾದೆಯಿಂದ ಆನೆಯನ್ನು ತಿಂದರು. ಕಾಯಿಗಳ ಡಬ್ಬಿಯಿಂದ ಬಿಳಿ ಆನೆ ತೆಗೆದು ಮೂಲೆಯಲ್ಲಿ ಕುಟ್ಟಿ ಇಟ್ಟರು, ಸಪ್ಪಳ ಬರುವಂತೆ. ಖಾಲಿ ಖುರ್ಚಿಯನ್ನು ನೋಡಿದರು. ಸ್ವಲ್ಪ ಹೊತ್ತು ಕಾದು, ತಾವೇ ಕೈ ಚಾಚಿ ಕರಿ ರಾಜನನ್ನು ಮೆಲ್ಲಗೆ ಎತ್ತಿ ಮೂಲೆಯ ಮನೆಗೆ ಸರಿಸಿದರು.

'ಅವರಿಗೆ ಇದೊಂದs ಮನಿ ಇತ್ತು' ಅಂದರು.

ನಿಜ. ಅದು ನನಗೂ ಗೊತ್ತು, ಮೊಬೈಲಿಗೂ ಗೊತ್ತು. ಆದರೂ ಅಣ್ಣಾವ್ರೇ, ನಿಮಗೆ ಬಾಯಿ ಇತ್ತಲ್ಲ.